ಮುಚ್ಚಳ ತೆಗೆದ ವಾಚು

ಆ ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಹಾಕಿಸಲು ಹೋದ ದಿನವೇ ನನಗೆ ಬುದ್ಧಿ ಬರಬೇಕಿತ್ತು. ಗಂಗಮ್ಮ ಸರ್ಕಲ್ಲಿನ ಜೆರಾಕ್ಸ್ ಅಂಗಡಿಯ ಹುಡುಗ ಹಾಳೆಯನ್ನು ಬಿಸಿ ಮೆಷಿನ್ನಿನೊಳಕ್ಕೆ ತಳ್ಳುತ್ತಾ, “ಏನ್ ಆಂಟಿ, ಡಾಕ್ಟ್ರಾ ನೀವು?” ಎಂದ. “ಹತ್ತಿರ ಹತ್ತಿರ” ಎಂದೆ. ಎರಡೇ ದಿನದ ಆಪ್ತಸಮಾಲೋಚನೆಯ ತರಬೇತಿ ಅದು. ಮೊದಲ ದಿನ ಬೆಳಗ್ಗೆ ಉದ್ಘಾಟನೆ, ಎರಡನೆಯ ದಿನ ಮಧ್ಯಾಹ್ನ ಸಮಾರೋಪ. ನಡುವಿನ ಊಟ, ಕಾಫಿ, ಗ್ರೂಪ್ ಫೋಟೋ ಕಳೆದರೆ ಕಲಿತದ್ದು ಎಷ್ಟು ಗಂಟೆ ಎಂದು ಲೆಕ್ಕ ಹಾಕುವ ಗೋಜಿಗೆ ನಾನು ಹೋಗಲಿಲ್ಲ. 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳಿಗೆ ಹುಡುಗಿಯರ ಮನಸ್ಸು ಎಂಥದ್ದೆಂದು ಇನ್ಯಾರು ಹೇಳಿಕೊಡಬೇಕು ಎಂಬ ಠೇಂಕಾರ ಬೇರೆ.

ನಾವಿರುವುದು ಜಾಲಹಳ್ಳಿಯಲ್ಲಿ. ಬಿ.ಇ.ಎಲ್., ಎಚ್.ಎಂ.ಟಿ., ಏರ್‌ಫೋರ್ಸ್ ಮೂರೂ ಸೇರಿ ಬೆಳೆಸಿದ ಊರು. ಒಂದು ಕಾಲಕ್ಕೆ ಇಲ್ಲಿನ ಮನೆಗಳಲ್ಲಿ ಅನ್ನಕ್ಕೆ ಇಡುತ್ತಿದ್ದದ್ದೇ ಫ್ಯಾಕ್ಟರಿ ಸೈರನ್ ಕೇಳಿ. ನಮ್ಮವರು ಎಚ್.ಎಂ.ಟಿ. ವಾಚ್ ಫ್ಯಾಕ್ಟರಿಯಲ್ಲಿದ್ದರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ಶುರುವಾಗಿ ದೇಶದ ಕೈಗೆಲ್ಲ ಗಡಿಯಾರ ಕಟ್ಟಿದ ಫ್ಯಾಕ್ಟರಿ ಅದು. 2016ರಲ್ಲಿ ಅದನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅಷ್ಟು ಹೊತ್ತಿಗೆ ಇವರು ವಿ.ಆರ್.ಎಸ್. ತೆಗೆದುಕೊಂಡು ಎಷ್ಟೋ ವರ್ಷವಾಗಿತ್ತು. ಇವರ ಜನತಾ ವಾಚು ಮಾತ್ರ ದಿನಾ ಬೆಳಗ್ಗೆ ಕೀ ಕೊಡಿಸಿಕೊಂಡು ಇವತ್ತಿಗೂ ಓಡುತ್ತಿದೆ. ಆ ವಾಚಿಗೆ ಈ ಕಥೆಯಲ್ಲಿ ಕೆಲಸವಿದೆ, ಅದಕ್ಕೇ ಹೇಳಿದೆ.

ಇದು 2022ರ ಮಾತು. ಎರಡು ವರ್ಷ ಮೊಬೈಲಿನೊಳಗೆ ಶಾಲೆ ಮಾಡಿದ್ದ ಮಕ್ಕಳು ಮತ್ತೆ ಯೂನಿಫಾರ್ಮ್ ಹಾಕಿಕೊಂಡಿದ್ದರು. ಗಂಡು ಹುಡುಗರು ಒಂದು ತಿಂಗಳಲ್ಲಿ ಮೈದಾನಕ್ಕೆ ಇಳಿದುಬಿಟ್ಟರು. ಹುಡುಗಿಯರಲ್ಲಿ ಕೆಲವರು ಇಳಿಯಲೇ ಇಲ್ಲ. ಹಾಲಿನ ಬೂತಿನ ಹತ್ತಿರ, ದೇವಸ್ಥಾನದ ಕಟ್ಟೆಯ ಮೇಲೆ ತಾಯಂದಿರು ನನ್ನನ್ನು ಹಿಡಿದು ನಿಲ್ಲಿಸುತ್ತಿದ್ದರು. “ಮಿಸ್, ಇವಳು ಯಾಕೋ ಮಂಕಾಗಿದ್ದಾಳೆ.” “ತಲೆ ಬಾಚ್ಕೊಳ್ಳೋಕೂ ಬೇಜಾರಂತೆ.” “ಮಾತಾಡಿಸಿದ್ರೆ ಸಿಡುಕ್ತಾಳೆ.” “ಹೊಟ್ಟೆನೋವು ಅಂತಾಳೆ, ಸ್ಕ್ಯಾನಿಂಗಲ್ಲಿ ಏನೂ ಇಲ್ಲ.” ಖಿನ್ನತೆ ಎಂಬ ಪದವನ್ನು ನಾನು ಪತ್ರಿಕೆಗಳಲ್ಲಿ ಓದಿದ್ದೆನೇ ಹೊರತು ನಮ್ಮ ಬೀದಿಯಲ್ಲಿ ಯಾರ ಬಾಯಲ್ಲೂ ಕೇಳಿರಲಿಲ್ಲ. ಇಲ್ಲಿ ಅದಕ್ಕೆ ಸೋಮಾರಿತನ, ಕೊಬ್ಬು, ದೃಷ್ಟಿ, ಮೊಬೈಲು ಎಂದೆಲ್ಲ ಹೆಸರು. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು, ಮೊಬೈಲು ಕಿತ್ತು ಬೀರುವಿನಲ್ಲಿಡುವುದು, ಎರಡೂ ಆಗಿರುತ್ತಿತ್ತು. “ಒಂದ್ಸಲ ನಿಮ್ಹಾನ್ಸಿಗೆ ತೋರಿಸಿ” ಎಂದು ಒಬ್ಬಾಕೆಗೆ ಹೇಳಿದ್ದಕ್ಕೆ, “ಅಯ್ಯೋ, ಅಲ್ಲಿಗಾ? ನಾಳೆ ಇವಳಿಗೊಂದು ಗಂಡು ನೋಡೋದು ಬೇಡ್ವಾ ಮಿಸ್?” ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು.

ಹೀಗಾಗಿ ನಾನು ಅವರಿಗೆ ಅನುಕೂಲವಾಗಿ ಒದಗಿದೆ. ಫೀಸಿಲ್ಲ, ಚೀಟಿಯಿಲ್ಲ, ಆಸ್ಪತ್ರೆಯ ವಾಸನೆಯಿಲ್ಲ, ಹೊರಗೆ ಯಾರಿಗೂ ಗೊತ್ತಾಗುವುದೂ ಇಲ್ಲ. ಈ ಕೊನೆಯದನ್ನು ನಂಬಿಯೇ ಅವರು ಮಕ್ಕಳನ್ನು ಕಳಿಸಿದ್ದು ಎಂದು ನನಗೆ ಆಗ ಹೊಳೆಯಲಿಲ್ಲ.

ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ಮಹಡಿ ಮೇಲೊಂದು ಕೋಣೆಯಿದೆ. ಕೇರಂ ಬೋರ್ಡು, ಗಣೇಶನ ಹಬ್ಬದ ಸೀರಿಯಲ್ ಲೈಟಿನ ಗಂಟು, ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು. ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಎಂದು ಗೊತ್ತುಮಾಡಿದೆ. ಒಂಬತ್ತನೇ ಕ್ಲಾಸಿನಿಂದ ಪಿಯುಸಿವರೆಗಿನ ಏಳು ಹುಡುಗಿಯರು ಬಂದರು. ಕುರ್ಚಿಗಳನ್ನು ದುಂಡಗೆ ಹಾಕಬೇಕು ಎಂದು ತರಬೇತಿಯಲ್ಲಿ ಹೇಳಿದ್ದು ನೆನಪಿತ್ತು, ಹಾಕಿದೆ. ಆದರೆ ನನಗೆ ಮಾತ್ರ ಕಾರ್ಯದರ್ಶಿಗಳ ಮರದ ಕುರ್ಚಿ, ಮುಂದೊಂದು ಮೇಜು, ಮೇಜಿನ ಮೇಲೆ ಹಾಜರಿ ಪುಸ್ತಕ! ನಿಜ, ಹಾಜರಿ ಕರೆದೆ. ಹುಡುಗಿಯರು ಒಬ್ಬೊಬ್ಬರಾಗಿ “ಎಸ್ ಮಿಸ್” ಎಂದರು. ಆಮೇಲೆ ಇವರಿಗೆ ಇದನ್ನು ಹೇಳಿದಾಗ ಕನ್ನಡಕ ತೆಗೆದು, “ಲೇ, ಕೌನ್ಸೆಲಿಂಗ್‌ಗೆ ಹೋಗಿದ್ಯೋ ಇಲ್ಲ ಇನ್‌ಸ್ಪೆಕ್ಷನ್ನಿಗೋ?” ಎಂದು ಕೇಳಿದರು.

ಮೊದಲ ದಿನ ನಾನೊಂದು ಕಥೆ ಹೇಳಿದೆ. ಹಾಳುಬಾವಿಗೆ ಬಿದ್ದ ಕತ್ತೆಯ ಕಥೆ, ನೀವೂ ಕೇಳಿರುತ್ತೀರಿ. ಮುದಿ ಕತ್ತೆ, ಎತ್ತುವುದು ದಂಡ ಎಂದು ಯಜಮಾನ ಮೇಲಿನಿಂದ ಮಣ್ಣು ಸುರಿಯುತ್ತಾನೆ. ಕತ್ತೆ ಬಿದ್ದ ಮಣ್ಣನ್ನೆಲ್ಲ ಕೊಡವಿ ಕೊಡವಿ ಕಾಲ ಕೆಳಗೆ ಹಾಕಿಕೊಂಡು ಕೊನೆಗೆ ಮೇಲಕ್ಕೆ ಬರುತ್ತದೆ. ಕೈಯಾಡಿಸಿ, ದನಿ ಏರಿಸಿ ಇಳಿಸಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಹೇಳುವಂತೆ ಹೇಳಿದೆ. ಮುಗಿದ ಮೇಲೆ, ಕಿಟಕಿಯ ಪಕ್ಕ ಕೂತು ಅಲ್ಲಿಯತನಕ ಉಗುರು ಕಚ್ಚುತ್ತಿದ್ದ ಹುಡುಗಿ ಕೇಳಿದಳು:

“ಮಿಸ್, ಮೇಲೆ ಬಂದ್ಮೇಲೆ ಕತ್ತೆ ಎಲ್ಲಿಗೆ ಹೋಯ್ತು?”

“ಅಂದ್ರೆ?”

“ಮಣ್ಣು ಹಾಕಿದವರ ಮನೆಗೇ ವಾಪಸ್ ಹೋಯ್ತಾ?”

ಒಬ್ಬರಿಬ್ಬರು ತಲೆ ಎತ್ತಿದರು. ಆ ಕೋಣೆಯಲ್ಲಿ ಅಂದು ಯಾರಾದರೂ ಒಂದು ನಿಜವಾದ ಮಾತು ಆಡಿದ್ದರೆ ಅದು ಅಷ್ಟೇ. ನಾನೇನು ಮಾಡಿದೆ? “ಅದು ಕಥೆ ಕಣಮ್ಮ, ನೀತಿ ಏನು ಅಂತ ನೋಡ್ಬೇಕು” ಎಂದೆ. ಅವಳು ಮತ್ತೆ ಉಗುರು ಕಚ್ಚತೊಡಗಿದಳು. ಎಷ್ಟೋ ರಾತ್ರಿ ಈ ಪ್ರಶ್ನೆ ನೆನಪಾಗಿ ಮಗ್ಗುಲು ಬದಲಿಸಿದ್ದೇನೆ. ಇಷ್ಟು ವರ್ಷ ಪಾಠದ ಕೊನೆಗೆ ‘ಈ ಕಥೆಯ ನೀತಿಯೇನು?’ ಎಂದು ಬೋರ್ಡಿನ ಮೇಲೆ ಬರೆದವಳಿಗೆ ಆ ಕತ್ತೆ ರಾತ್ರಿ ಎಲ್ಲಿ ಮಲಗಿತೋ ಎಂದು ಒಮ್ಮೆಯೂ ಅನ್ನಿಸಿರಲಿಲ್ಲವಲ್ಲ.

ಎರಡನೆಯ ವಾರ ನಮ್ಮವರ ಜನತಾ ವಾಚು ಬಂತು. ಎಲ್ಲರಿಗೂ ಅವಕಾಶ ಸಿಗಲಿ ಎಂಬ ಸಮಾಜವಾದ ನನ್ನದು. ತಲಾ ಐದು ನಿಮಿಷ, ವಾಚು ಮೇಜಿನ ಮೇಲೆ. ಮಾತಾಡಲು ಬಾರದ ಹುಡುಗಿ ಮೊದಲ ಮೂರು ನಿಮಿಷ ದುಪಟ್ಟಾದ ಅಂಚನ್ನೇ ಸುತ್ತುತ್ತಾ ಕೂರುತ್ತಾಳೆ. ನಾಲ್ಕನೆಯ ನಿಮಿಷಕ್ಕೆ ಬಾಯಿ ತೆರೆದು “ನಂಗೆ ಬೆಳಗ್ಗೆ ಎದ್ದೇಳೋಕೆ…” ಎನ್ನುತ್ತಾಳೆ. ಅಷ್ಟರಲ್ಲಿ ನಾನು “ಸರಿ ಪುಟ್ಟ, ಮುಂದಿನ ವಾರ ಮುಂದುವರಿಸೋಣ. ನೆಕ್ಸ್ಟ್” ಎನ್ನುತ್ತೇನೆ. ಟಿಕ್ ಟಿಕ್ ಎನ್ನುವ ವಾಚನ್ನು ಎದುರಿಗಿಟ್ಟುಕೊಂಡು ಯಾರಾದರೂ ದುಃಖ ತೋಡಿಕೊಳ್ಳುತ್ತಾರೆಯೇ! ಆದರೂ ಅವರು ಬರುತ್ತಿದ್ದರು. ನನ್ನ ಮಾತಿಗಾಗಿ ಬರುತ್ತಾರೆ ಎಂದುಕೊಂಡಿದ್ದೆ. ನಾನು ಬೀಗದಕೈ ತರುವ ಮೊದಲು, ಮೆಟ್ಟಿಲ ಮೇಲೆ ಸಿಗುತ್ತಿದ್ದ ಹದಿನೈದು ನಿಮಿಷಕ್ಕಾಗಿ ಬರುತ್ತಿದ್ದರು ಎಂದು ತಿಳಿದದ್ದು ಬಹಳ ಆಮೇಲೆ.

ನಾಲ್ಕನೆಯ ಶನಿವಾರ ಕರೆಂಟು ಹೋಯಿತು. ಮಳೆ ಮೋಡ, ಕೋಣೆಯಲ್ಲಿ ಅರೆಗತ್ತಲೆ, ವಾಚು ಕಾಣುತ್ತಿರಲಿಲ್ಲ. ಅದೇ ಕಾರಣವಿರಬೇಕು, ಅಲ್ಲಿಯವರೆಗೆ ‘ಏನಿಲ್ಲ ಮಿಸ್’ ಬಿಟ್ಟು ಬೇರೆ ಮಾತಾಡದಿದ್ದ ಹಸಿರು ಕ್ಲಿಪ್ಪಿನ ಹುಡುಗಿ ಯಾರೂ ಕೇಳದೆಯೇ ಮಾತು ಶುರುಮಾಡಿದಳು.

“ನಮ್ಮಮ್ಮ ಅಳೋವಾಗ ಮಿಕ್ಸಿ ಹಾಕ್ತಾರೆ,” ಎಂದಳು. “ಜಾರಲ್ಲಿ ಏನೂ ಇರಲ್ಲ. ಖಾಲಿ ಮಿಕ್ಸಿ. ಸದ್ದಲ್ಲೇ ನಂಗೆ ಗೊತ್ತಾಗ್ಬಿಡುತ್ತೆ, ಕಾಯಿ ರುಬ್ಬೋ ಸದ್ದೇ ಬೇರೆ ಅಲ್ವಾ. ಆಗ ನಾನು ಬುಕ್ ಮುಚ್ಚಿ ಮಲಗಿಬಿಡ್ತೀನಿ. ಎದ್ದೇಳೋಕೇ ಆಗಲ್ಲ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೂಲೆಯಿಂದ ಒಬ್ಬಳು, “ನಮ್ಮನೇಲಿ ಟೀವಿ ಸೌಂಡ್ ಜಾಸ್ತಿ ಮಾಡ್ತಾರೆ” ಎಂದಳು. ಇನ್ನೊಬ್ಬಳು, “ನಮ್ಮನೇಲಿ ಬಾತ್‌ರೂಮ್‌ನಲ್ಲಿ. ಬಕೆಟ್ ತುಂಬಿ ಹರೀತಾನೇ ಇರುತ್ತೆ.” ಉಗುರು ಕಚ್ಚುವವಳು ನಕ್ಕಳು. ಅಳುವ ಹಾಗಿದ್ದ ನಗು. ಹಸಿರು ಕ್ಲಿಪ್ಪಿನವಳು ಕತ್ತಲಲ್ಲೇ ಕುರ್ಚಿ ಸರಿಸಿಕೊಂಡು ಅವಳ ಹತ್ತಿರ ಕೂತದ್ದರ ಸದ್ದು ಕೇಳಿಸಿತು.

(ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಅದು ಮಿಕ್ಸಿ ಅಲ್ಲ. ಟೀವಿಯೂ ಅಲ್ಲ, ಬಕೆಟ್ಟೂ ಅಲ್ಲ. ಏನೆಂದು ಹೇಳುವುದಿಲ್ಲ. ಕ್ಲಿಪ್ಪಿನ ಬಣ್ಣವೂ ಹಸಿರಲ್ಲ. ಅಷ್ಟಾದರೂ ಕಲಿತಿದ್ದೇನೆ.)

ಗುಂಪಿನ ಆಪ್ತಸಮಾಲೋಚನೆ ಎಂದರೆ ಏನು ಎಂದು ಈಗ ಯಾರಾದರೂ ಕೇಳಿದರೆ ಆ ಮೂರ್ನಾಲ್ಕು ನಿಮಿಷವನ್ನು ತೋರಿಸುತ್ತೇನೆ. ಆಗ ಮಾತ್ರ ನನಗೆ ಅದು ಶಿಸ್ತು ತಪ್ಪಿದ ತರಗತಿಯಂತೆ ಕಂಡಿತು. “ಆಯ್ತು ಆಯ್ತು, ಒಬ್ಬೊಬ್ಬರಾಗಿ” ಎಂದೆ. “ಅಮ್ಮಂದಿರಿಗೂ ಕಷ್ಟ ಇರುತ್ತೆ, ನೀವೇ ಅವರಿಗೆ ಧೈರ್ಯ ಹೇಳ್ಬೇಕು” ಎಂದೂ ಸೇರಿಸಿದೆ. ಹೆತ್ತವಳ ಅಳುವಿನ ಭಾರದಲ್ಲೇ ಏಳಲಾಗದೆ ಮಲಗಿದ ಹುಡುಗಿಯ ತಲೆಯ ಮೇಲೆ ಇನ್ನೊಂದು ಮೂಟೆ. ಅಷ್ಟರಲ್ಲಿ ಕರೆಂಟು ಬಂತು. ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ಸುಮ್ಮನಾದರು.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಅಗತ್ಯ ಇರುತ್ತಿರಲಿಲ್ಲ. ಮಂಗಳವಾರ ಬೆಳಗ್ಗೆ ಬೀದಿ ತಿರುವಿನಲ್ಲಿ ತರಕಾರಿ ಗಾಡಿ ನಿಂತಿತ್ತು. ಬೀನ್ಸ್ ಆರಿಸುತ್ತಿದ್ದ ಹೆಂಗಸು ಆ ಹುಡುಗಿಯ ತಾಯಿ. ಬೆರಳಲ್ಲಿ ಒಂದೊಂದೇ ಬೀನ್ಸನ್ನು ಮುರಿದು ನೋಡಿ ಎಳೆಯದನ್ನು ತಟ್ಟೆಗೆ ಹಾಕುತ್ತಿದ್ದರು. “ಏನ್ ಮಿಸ್, ನಮ್ಮುಡ್ಗಿ ಏನಾದ್ರೂ ಬಾಯಿ ಬಿಡ್ತಾಳಾ?” ಎಂದರು. ಈ ಪ್ರಶ್ನೆಗೆ ಕಾದಿದ್ದವಳಂತೆ ನಾನು ಉಬ್ಬಿದೆ. ನಾಲ್ಕೇ ವಾರದಲ್ಲಿ ಮಾತಾಡಿಸಿದೆ ಎಂದು ಹೇಳಿಕೊಳ್ಳಬೇಕಿತ್ತು ನನಗೆ.

“ಬಿಡದೆ ಏನ್ರೀ! ಎಲ್ಲಾ ಗಮನಿಸ್ತಾಳೆ ನಿಮ್ಮ ಮಗಳು. ಆ ಮಿಕ್ಸಿ ವಿಷಯ ಕೂಡ ಹೇಳಿದ್ಲು.”

ಆಕೆಯ ಬೆರಳು ನಿಂತಿತು. ಕೈಯಲ್ಲಿದ್ದ ಬೀನ್ಸ್ ಮುರಿಯಲಿಲ್ಲ. “ಯಾವ ಮಿಕ್ಸಿ?” ಎಂದು ಕೇಳಿದರು. ಕೇಳುವಾಗಲೇ ಅವರಿಗೆ ಯಾವುದೆಂದು ತಿಳಿದಿತ್ತು. ಮುಖ ಕತ್ತಿನವರೆಗೆ ಕೆಂಪಾಗಿತ್ತು. ಗಾಡಿಯವನು ತಕ್ಕಡಿ ಹಿಡಿದು ನಮ್ಮಿಬ್ಬರ ಮುಖ ನೋಡುತ್ತಿದ್ದ. ಪಕ್ಕದಲ್ಲಿ ಕೊತ್ತಂಬರಿ ಕಟ್ಟು ಮೂಸುತ್ತಿದ್ದ ಇನ್ನೊಬ್ಬರು ಮೂಸುವುದನ್ನು ನಿಲ್ಲಿಸಿದ್ದರು. ಆಕೆ ತಟ್ಟೆಯ ಬೀನ್ಸನ್ನು ಹಾಗೇ ಗಾಡಿಗೆ ಸುರಿದು, “ಬೇಡಪ್ಪ, ಬಲಿತಿದೆ” ಎಂದು ಹೊರಟುಹೋದರು. ನಾನು ಅಷ್ಟು ಹೊತ್ತಿಗೂ ಮೂರ್ಖಳ ಹಾಗೆ ನಗುತ್ತಾ ನಿಂತಿದ್ದೆ. ಮುಖ ಸ್ವಸ್ಥಾನಕ್ಕೆ ಬರಲು ಸಮಯ ಬೇಕಾಯಿತು.

ಆ ಶನಿವಾರ ಹಸಿರು ಕ್ಲಿಪ್ಪಿನವಳು ಬರಲಿಲ್ಲ. ಬಂದ ಐವರು ‘ಏನಿಲ್ಲ ಮಿಸ್’ಗೆ ಮರಳಿದ್ದರು. ಮುಂದಿನ ವಾರ ಮೂವರು. ಅದರ ಮುಂದಿನ ವಾರ ಉಗುರು ಕಚ್ಚುವವಳೊಬ್ಬಳೇ ಬಂದು ಬಾಗಿಲಲ್ಲೇ ನಿಂತಳು. ಆರು ಖಾಲಿ ಕುರ್ಚಿಗಳ ಮುಂದೆ ಹಾಜರಿ ಪುಸ್ತಕ ತೆರೆದು ಕೂತಿದ್ದ ನನ್ನನ್ನು ನೋಡಿ ಪಾಪ ಎನ್ನಿಸಿರಬೇಕು.

“ಅವಳು ಇನ್ಮೇಲೆ ಬರಲ್ಲ ಮಿಸ್. ಅವರಮ್ಮ ಈಗ ಮಿಕ್ಸಿ ಹಾಕಲ್ವಂತೆ. ಅವಳ ಹತ್ರ ಮಾತೂ ಆಡಲ್ವಂತೆ.” ಸ್ವಲ್ಪ ತಡೆದು, “ನಂಗೂ ಟ್ಯೂಷನ್ ಇದೆ” ಎಂದು ಮೆಟ್ಟಿಲಿಳಿದು ಹೋದಳು. ಅವಳಿಗೆ ಶನಿವಾರ ಟ್ಯೂಷನ್ ಇರಲಿಲ್ಲ.

ಆ ರಾತ್ರಿ ಇವರಿಗೆ ಎಲ್ಲವನ್ನೂ ಹೇಳಿದೆ. ಇವರು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ತುಂಬ ಹೊತ್ತು ಬಿಟ್ಟು, “ಅಸೆಂಬ್ಲಿಯಲ್ಲಿ ಹೆಂಗಸರು ಕೂತು ವಾಚು ಜೋಡಿಸ್ತಿದ್ರಲ್ಲ, ಒಂದು ಕಣ್ಣಿಗೆ ಗಾಜು ಸಿಕ್ಕಿಸ್ಕೊಂಡು? ಮುಚ್ಚಳ ತೆಗೆದ ವಾಚಿನ ಹತ್ರ ಜೋರಾಗಿ ಉಸಿರು ಬಿಡೋದಕ್ಕೂ ಹೆದರೋರು. ಒಂದು ಕಣ ಧೂಳು ಬಿದ್ರೆ ಮುಗೀತು,” ಎಂದರು. “ನೀನು ಮುಚ್ಚಳ ತೆಗೆದು ತರಕಾರಿ ಗಾಡಿ ಮೇಲೆ ಇಟ್ಟುಬಂದೆಯಲ್ಲೇ.”

ನಾಚಿಕೆ ಎಂಬುದು ಕಾಲಿಗೆ ಹೇಗೆ ದಾರಿ ತೋರಿಸುತ್ತದೆ ಎಂದು ಆ ದಿನಗಳಲ್ಲಿ ಕಂಡುಕೊಂಡೆ. ಹಾಲಿಗೆ ಹಿಂದಿನ ಬೀದಿ ಸುತ್ತಿಕೊಂಡು ಹೋಗುತ್ತಿದ್ದೆ. ತರಕಾರಿಯನ್ನು ಬಿ.ಇ.ಎಲ್. ಸರ್ಕಲ್ ಕಡೆಯಿಂದ ತಂದೆ. ಲ್ಯಾಮಿನೇಟ್ ಮಾಡಿಸಿದ್ದ ಪ್ರಮಾಣಪತ್ರವನ್ನು ಹರಿಯೋಣವೆಂದರೆ ಅದು ಹರಿಯುವುದೂ ಇಲ್ಲ! ಬೀರುವಿನಲ್ಲಿ ಹಳೇ ಸೀರೆಗಳ ಕೆಳಗೆ ತುರುಕಿದೆ. ಕೊನೆಗೆ ಒಂದು ಭಾನುವಾರ ಧೈರ್ಯ ಮಾಡಿ ಆ ಮನೆಗೆ ಹೋದೆ. ಆಕೆ ಕೂರಿಸಿ ಕಾಫಿ ಕೊಟ್ಟರು. ಅಡುಗೆಮನೆಯ ಕಟ್ಟೆಯ ಮೇಲೆ ಮಿಕ್ಸಿಗೆ ಹೂವಿನ ಚಿತ್ತಾರದ ಬಟ್ಟೆ ಮುಚ್ಚಿತ್ತು. ನಾನು ಅದನ್ನು ನೋಡಿದ್ದನ್ನು ಅವರೂ ನೋಡಿದರು. “ತಪ್ಪಾಯ್ತು” ಎಂದೆ. “ಪರವಾಗಿಲ್ಲ ಬಿಡಿ ಮಿಸ್” ಎಂದರು. ಹುಡುಗಿ ಒಳಕೋಣೆಯಲ್ಲಿದ್ದಳು, ಹೊರಗೆ ಬರಲಿಲ್ಲ. ಕ್ಷಮೆ ಕೇಳಬೇಕಾಗಿದ್ದದ್ದು ಅವಳನ್ನು ಎಂದು ಬೀದಿಗೆ ಬಂದ ಮೇಲೆ ಹೊಳೆಯಿತು. ಮತ್ತೆ ಬೆಲ್ ಒತ್ತುವ ಧೈರ್ಯವಾಗಲಿಲ್ಲ.

ತರಬೇತಿಯಲ್ಲಿ ನಮಗೆ ಪಾಠ ಮಾಡಿದ್ದ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಒಬ್ಬರ ನಂಬರ್ ಇತ್ತು. ನನ್ನ ಮಗಳ ವಯಸ್ಸಿನಾಕೆ. ಹೋಗಿ ಕೂತು ಎಲ್ಲ ಹೇಳಿದೆ. ಆಕೆ ಸಮಾಧಾನ ಹೇಳಲಿಲ್ಲ. “ಅಮ್ಮ, ಆ ನಾಲ್ಕು ವಾರದಲ್ಲಿ ನೀವು ಮಾತಾಡದೆ ಇದ್ದದ್ದು ಎಷ್ಟು ಹೊತ್ತು?” ಎಂದು ಕೇಳಿದರು. ಕರೆಂಟು ಹೋಗಿದ್ದಷ್ಟು ಹೊತ್ತು ಎಂದೆ. “ಅಷ್ಟೂ ಹೊತ್ತು ನಿಮ್ಮ ಗುಂಪು ಚೆನ್ನಾಗಿ ನಡೆದಿದೆ” ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು.

ನಾನು ಕುರ್ಚಿ ಹಾಕುವ ಮುನ್ನ ಮಾಡಬೇಕಾಗಿದ್ದದ್ದರ ದೊಡ್ಡ ಪಟ್ಟಿಯೇ ಇತ್ತು ಅವರ ಹತ್ತಿರ. ಮೊದಲು ಪ್ರತಿ ಹುಡುಗಿಯನ್ನೂ ಒಬ್ಬೊಬ್ಬಳನ್ನಾಗಿ ಕೂರಿಸಿಕೊಂಡು ಕೇಳಬೇಕಂತೆ. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಬೇಸರವೋ ಸಿಡುಕೋ ಇದೆಯಾ, ಊಟ ನಿದ್ದೆ ಹೇಗಿದೆ, ಸಾಯಬೇಕು ಅನ್ನಿಸುತ್ತಾ ಎಂದು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುವುದಿಲ್ಲವೇ ಎಂದೆ. ಆಗುವುದಿಲ್ಲ, ಕೇಳಿದರು ಎಂದೇ ಎಷ್ಟೋ ಮಕ್ಕಳಿಗೆ ಉಸಿರು ಬರುತ್ತದೆ ಎಂದರು. ಹೌದು ಎನ್ನುವವಳನ್ನು ದುಂಡು ಕುರ್ಚಿಗೆ ಕಳಿಸುವಂತಿಲ್ಲ, ಅದೇ ದಿನ ಡಾಕ್ಟರ ಹತ್ತಿರ. ಕೋಣೆಯಲ್ಲಿ ಆಡಿದ್ದು ಕೋಣೆಯಲ್ಲೇ. ಆದರೆ ಜೀವಕ್ಕೆ ಅಪಾಯವಿದ್ದರೆ, ಯಾರಾದರೂ ಮೈಮೇಲೆ ಕೈ ಹಾಕಿದ್ದರೆ ಹೇಳಲೇಬೇಕಾಗುತ್ತದೆ, 2012ರ ಪೋಕ್ಸೊ ಕಾಯ್ದೆ ಸುಮ್ಮನಿರಲು ಬಿಡುವುದಿಲ್ಲ. ಯಾವುದು ಹೊರಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂದು ಹುಡುಗಿಯರಿಗೂ ತಾಯಂದಿರಿಗೂ ಮೊದಲ ದಿನವೇ ಹೇಳಿಬಿಡಬೇಕು. ಖಾಲಿ ಮಿಕ್ಸಿ ಹೊರಗೆ ಹೋಗುವ ಜಾತಿಯದಲ್ಲ ಎಂದು ಅವರು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಆಮೇಲೆ ಆಕೆ ಹೇಳಿದ ಎರಡು ಸಂಗತಿ ತಲೆಯಲ್ಲಿ ಉಳಿದವು. ಉಗಾಂಡದಲ್ಲಿ ಯುದ್ಧದಿಂದ ಮನೆಮಠ ಬಿಟ್ಟು ಶಿಬಿರದಲ್ಲಿದ್ದ 14ರಿಂದ 17 ವರ್ಷದ 314 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತಂತೆ. ಒಂದಷ್ಟು ಮಕ್ಕಳನ್ನು ಗುಂಪಾಗಿ ಕೂರಿಸಿ ವಾರಕ್ಕೊಮ್ಮೆಯಂತೆ 16 ವಾರ ಮಾತಾಡಿಸಿದ್ದಾರೆ. ಮಾತಾಡಿಸಿದವರು ತರಬೇತಿ ಪಡೆದ ಸ್ಥಳೀಯರೇ. ಹುಡುಗಿಯರ ಖಿನ್ನತೆ ಎದ್ದು ಕಾಣುವಷ್ಟು ಇಳಿಯಿತು, ಹುಡುಗರಲ್ಲಿ ಅಷ್ಟು ಖಚಿತವಾಗಿ ಇಳಿಯಲಿಲ್ಲ. ಈ ವಿಧಾನವನ್ನೇ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಎಂಟು ಬೈಠಕ್‌ಗಳ ಕೈಪಿಡಿಯಾಗಿ ಹೊರತಂದಿದೆ. ಸಾವು, ಜಗಳ, ಬದುಕಿನಲ್ಲಾದ ಬದಲಾವಣೆ, ಒಂಟಿತನ — ದುಃಖಕ್ಕೆ ಈ ನಾಲ್ಕರಲ್ಲಿ ಯಾವುದರ ಎಳೆ ಸಿಗುತ್ತದೆಂದು ನೋಡುವುದು ಅದರ ಕ್ರಮ. ನನ್ನ ಏಳು ಜನರಲ್ಲಿ ನಾಲ್ಕೂ ಇದ್ದವು. ಕೋವಿಡ್‌ನಲ್ಲಿ ತಾತನನ್ನು ಕಳೆದುಕೊಂಡವಳು, ಫೀಸು ಕಟ್ಟಲಾಗದೆ ಶಾಲೆ ಬದಲಿಸಿದವಳು, ಎಲ್ಲರೂ ಅಲ್ಲೇ ಇದ್ದರು. ನಾನು ಅವರಿಗೆ ಕತ್ತೆಯ ಕಥೆ ಹೇಳಿದ್ದೆ.

ಎರಡನೆಯದು ಬಿಹಾರದ್ದು, ಕೇಳಿದಾಗ ನಗುವೇ ಬಂತು. ನಾಲಂದಾ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮಕ್ಕಳ ಮನಸ್ಸಿನ ಆರೋಗ್ಯಕ್ಕೆಂದು ಒಂದೇ ಕಾರ್ಯಕ್ರಮವನ್ನು ಎರಡು ಬಗೆಯಲ್ಲಿ ನಡೆಸಿ ನೋಡಿದರಂತೆ. ಕೆಲವು ಶಾಲೆಗಳಲ್ಲಿ ಅದಕ್ಕೆಂದೇ ತರಬೇತಾದ ಸಾಮಾನ್ಯ ಜನರಿಂದ, ಕೆಲವು ಕಡೆ ಅಲ್ಲಿನ ಶಿಕ್ಷಕರಿಂದ. 2018ರಲ್ಲಿ ‘ದಿ ಲ್ಯಾನ್ಸೆಟ್’ನಲ್ಲಿ ಫಲಿತಾಂಶ ಬಂತು. ಮೊದಲನೆಯ ಕಡೆ ಮಕ್ಕಳ ಖಿನ್ನತೆಯ ಲಕ್ಷಣ, ಕಾಟಕೊಡುವುದು ಎಲ್ಲ ಇಳಿದಿತ್ತು. ಶಿಕ್ಷಕರು ನಡೆಸಿದ ಕಡೆ ಏನೂ ಆಗಿರಲಿಲ್ಲ. “ಬೇಜಾರು ಮಾಡ್ಕೋಬೇಡಿ” ಎಂದರು ಆಕೆ. ಬೇಜಾರೇನು, ನನಗೆ ನಿರಾಳವಾಯಿತು. ಎಡವಿದ್ದು ನಾನೊಬ್ಬಳೇ ಅಲ್ಲ ಎಂದು ತಿಳಿದಾಗ ಎದೆ ಹಗುರಾಗುತ್ತದಲ್ಲ, ಅದು. ಕತ್ತಲಲ್ಲಿ ಹುಡುಗಿಯರಿಗೆ ಆದದ್ದೂ ಅದೇ ಎಂದು ಅರ್ಥವಾಗಲು, ಅರವತ್ತು ದಾಟಿದ ಮೇಲೆ ನಾನು ಪರರ ಮುಂದೆ ಕೂತು ಮೂಗು ಒರೆಸಿಕೊಳ್ಳಬೇಕಾಯಿತು. ಬಾಸ್ಟನ್ನಿನ ಡಾ. ಜೋಸೆಫ್ ಪ್ರಾಟ್ 1905ರಲ್ಲಿ ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಿ ಪಾಠ ಹೇಳತೊಡಗಿದ್ದೇ ಇಂಥ ಗುಂಪುಗಳಿಗೆ ಮೂಲ ಎನ್ನುತ್ತಾರೆ. ಅವನೂ ಮೇಷ್ಟರೇ! ಆದರೆ ತನ್ನ ಪಾಠಕ್ಕಿಂತ ರೋಗಿಗಳ ನಡುವಿನ ನಂಟೇ ಹೆಚ್ಚು ಕೆಲಸ ಮಾಡುತ್ತಿದೆ ಎಂಬುದು ಅವನ ಕಣ್ಣಿಗೆ ಬಿತ್ತು. ನನಗೆ ವಾಚು ಅಡ್ಡ ಬಂತು.

ಎಷ್ಟು ಮಕ್ಕಳಿಗೆ ಇದೆಲ್ಲ ಬೇಕು ಎಂದು ಕೇಳಿದ್ದೆ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ. ಐವತ್ತು ಮಕ್ಕಳ ತರಗತಿಗೆ ಮೂವರೋ ನಾಲ್ವರೋ. ನನ್ನ 31 ವರ್ಷಗಳ ತರಗತಿಗಳನ್ನು ನೆನೆದು ಬೆರಳು ಮಡಿಸಲು ಹೊರಟು ಬಿಟ್ಟುಬಿಟ್ಟೆ. ಹಿಂದಿನ ಬೆಂಚಿನಲ್ಲಿ ತಲೆಯೂರಿ ಮಲಗುತ್ತಿದ್ದವರನ್ನೆಲ್ಲ ಎಬ್ಬಿಸಿ ನಿಲ್ಲಿಸಿದ್ದೇನೆ ನಾನು. ಚಿಕ್ಕಂದಿನಲ್ಲಿ ಗಂಡು ಹೆಣ್ಣು ಸರಿಸುಮಾರು ಸಮನಾಗಿದ್ದರೂ ಮೈನೆರೆದ ಮೇಲೆ ಹುಡುಗಿಯರಲ್ಲಿ ಖಿನ್ನತೆ ಹುಡುಗರ ಸುಮಾರು ಎರಡರಷ್ಟಾಗುತ್ತದೆ ಎಂದೂ ಆಕೆ ಹೇಳಿದರು. ಮೈನೆರೆದ ಮೇಲೆ ನಮ್ಮ ಬೀದಿಯಲ್ಲಿ ಹುಡುಗಿಯರಿಗೆ ಏನೇನು ನಿಲ್ಲುತ್ತದೆ ಎಂದು ಯೋಚಿಸುತ್ತಾ ಮೆಟ್ರೋ ಹತ್ತಿ ಬಂದೆ. ಸೈಕಲ್ಲು, ಮಹಡಿ, ಜೋರು ನಗು.

2023ರ ಬೇಸಿಗೆ ಕಳೆದ ಮೇಲೆ ಅದೇ ಕೋಣೆಯಲ್ಲಿ ಮತ್ತೊಂದು ಗುಂಪು ಕೂಡಿತು. ನಡೆಸುವವರು ಆಕೆಗೆ ಪರಿಚಯದ, ತರಬೇತಾದ ಒಬ್ಬ ಹೆಣ್ಣುಮಗಳು. ಕೋಣೆ ಕೊಡಿಸಿದ್ದು, ತಾಯಂದಿರನ್ನು ಒಪ್ಪಿಸಲು ಮನೆಮನೆ ತಿರುಗಿದ್ದು ನಾನು. ಕೆಲವು ಬಾಗಿಲುಗಳಲ್ಲಿ ನನ್ನನ್ನು ಒಳಗೆ ಕರೆಯಲಿಲ್ಲ. ತರಕಾರಿ ಗಾಡಿಯ ಸುದ್ದಿ ನನಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. “ಒಳಗೆ ನೀವಿರ್ತೀರಾ ಮಿಸ್?” ಎಂದು ಒಬ್ಬಾಕೆ ನೇರವಾಗಿ ಕೇಳಿದರು. “ಇರಲ್ಲ” ಎಂದೆ. “ಹಾಗಾದ್ರೆ ಕಳಿಸ್ತೀನಿ” ಎಂದರು. ಈಗ ನನ್ನ ಕೈಚೀಲದಲ್ಲಿ ಪ್ರಮಾಣಪತ್ರವಿಲ್ಲ, ಒಂದು ಚೀಟಿಯಿದೆ. ಟೆಲಿ-ಮಾನಸ್‌ನ 14416, ರಾತ್ರಿ ಹಗಲು ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹಾ ಕ್ಲಿನಿಕ್. ನಿಮ್ಹಾನ್ಸಿನ ಮಕ್ಕಳ ವಿಭಾಗ. ಯಾರಾದರೂ ಕೇಳಿದರೆ ಬರೆದುಕೊಟ್ಟು ಬಾಯಿ ಮುಚ್ಚಿಕೊಳ್ಳುತ್ತೇನೆ.

ಹಸಿರು ಕ್ಲಿಪ್ಪಿನ ಹುಡುಗಿ ಈ ಗುಂಪಿಗೂ ಬರಲಿಲ್ಲ. ಒಮ್ಮೆ ಜಾಲಹಳ್ಳಿ ಮೆಟ್ರೋ ಸ್ಟೇಷನ್ನಿನ ಎಸ್ಕಲೇಟರಿನಲ್ಲಿ ನಾನು ಮೇಲಕ್ಕೆ, ಅವಳು ಕೆಳಕ್ಕೆ. ಕಾಲೇಜು ಬ್ಯಾಗು, ಕಿವಿಯಲ್ಲಿ ವೈರು. ಕೈಯನ್ನು ಎದೆಯವರೆಗೆ ಎತ್ತಿದಳು. ನಮಸ್ಕಾರಕ್ಕೋ ವೈರು ಸರಿಮಾಡಿಕೊಳ್ಳುವುದಕ್ಕೋ ತಿಳಿಯಲಿಲ್ಲ. ಹಿಂತಿರುಗಿ ನೋಡುವಷ್ಟರಲ್ಲಿ ಜನ ಅಡ್ಡ ಬಂದರು.

ಶನಿವಾರಗಳಲ್ಲಿ ನನ್ನ ಕೆಲಸ ಇಷ್ಟು: ಮೂರೂಮುಕ್ಕಾಲಿಗೆ ಬೀಗ ತೆಗೆಯುವುದು, ಕುರ್ಚಿಗಳನ್ನು ಒಂದೇ ಎತ್ತರದವು ನೋಡಿ ದುಂಡಗೆ ಹಾಕುವುದು, ಬಾಗಿಲು ಹಾಕಿದ ಮೇಲೆ ಕೆಳಗಿನ ಮೆಟ್ಟಿಲ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಕೂರುವುದು. ವಾಚು ಮನೆಯಲ್ಲೇ ಇರುತ್ತದೆ. ಒಳಗಿನಿಂದ ಕೆಲವೊಮ್ಮೆ ನಗು, ಹೆಚ್ಚಾಗಿ ಏನೂ ಇಲ್ಲ. ಮೊದಮೊದಲು ಆ ಏನೂ ಇಲ್ಲದ ಹೊತ್ತು ನನಗೆ ತಡೆಯಲಾಗುತ್ತಿರಲಿಲ್ಲ. ಹೋಗಿ ಬಾಗಿಲಿಗೆ ಕಿವಿ ಕೊಡೋಣ ಎನ್ನಿಸಿ ಎರಡು ಮೆಟ್ಟಿಲು ಹತ್ತಿ ಇಳಿದಿದ್ದೂ ಉಂಟು.

ಹೋದ ಶನಿವಾರ ತರಕಾರಿ ಗಾಡಿಯವನು ಅದೇ ಹೊತ್ತಿಗೆ ಬಂದ. ತಕ್ಕಡಿಗೆ ಆತುಕೊಂಡು ಮಹಡಿಯ ಕಡೆ ಗದ್ದ ತೋರಿಸಿ, “ಏನ್ ಮಿಸ್, ವಾರ ವಾರ ಹೆಣ್ಮಕ್ಳು ಸೇರ್ತಾರೆ, ಒಳಗಡೆ ಏನ್ ಮಾತಾಡ್ತಾರೆ?” ಎಂದು ಕೇಳಿದ.

“ನಂಗೊತ್ತಿಲ್ಲಪ್ಪ,” ಎಂದೆ. “ಬೀನ್ಸ್ ಹೇಗೆ ಕೊಟ್ಟೆ?”